ಏಕ್, ದೋ, ಧಡಕ್!

ನಿನ್ನೆ ಎಮಿಷನ್ ಟೆಸ್ಟ್ ಮಾಡೋ ಅಂಗಡಿಯವನು ನನ್ನ ಪಿಕಪ್ಪಿಗೆ ವೈರ್ ಚುಚ್ಚಿ, ಎರಡೇ ನಿಮಿಷಕ್ಕೆ ಕಿತ್ತು, "ನಿನ್ನ ಗಾಡಿ ಇನ್ನೂ ರೆಡಿ ಇಲ್ಲ" ಅಂತ ಒಂದು ಚೀಟಿ ಕೈಗಿಟ್ಟ. ರೆಡಿ ಇಲ್ಲ ಅಂದ್ರೆ ಏನಪ್ಪಾ, ಸೀರೆ ಉಡ್ತಾ ಇದೆಯಾ ಅದು? ಈ ಟೆಕ್ಸಸ್‌ನಲ್ಲಿ 2025ರ ಜನವರಿಯಿಂದ ಮನೆ ಗಾಡಿಗಳಿಗೆ ಸೇಫ್ಟಿ ಇನ್ಸ್‌ಪೆಕ್ಷನ್ನೇ ತೆಗೆದುಬಿಟ್ಟಿದಾರೆ, ಆದ್ರೆ ನಮ್ಮ ಡಲ್ಲಾಸ್ ಕಡೆ ಹೊಗೆ ಟೆಸ್ಟ್ ಮಾತ್ರ ಹಂಗೇ ಉಳಿಸ್ಕೊಂಡಿದಾರೆ. ಬ್ರೇಕ್ ಹೆಂಗಾದ್ರೂ ಇರ್ಲಿ, ಹೊಗೆ ಮಡಿಯಾಗಿರಬೇಕು. ತಿಂಗಳ ಕೊನೆಗೆ ರಿಜಿಸ್ಟ್ರೇಷನ್ ಮುಗಿಯುತ್ತೆ, ನಾನು ಚೀಟಿ ಹಿಡ್ಕೊಂಡು ಪಾರ್ಕಿಂಗ್ ಲಾಟಲ್ಲಿ ನಿಂತಿದೀನಿ. ತಪ್ಪು ಯಾರದು? ನಂದೇ. ಮನೆಯಲ್ಲೇ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕಂಪ್ಯೂಟರ್ ರೀಸೆಟ್ ಮಾಡ್ತೀನಿ ಅಂತ ಹೊರಟಿದ್ದೆನಲ್ಲ.

ಇದೆಲ್ಲ ಶುರುವಾಗಿದ್ದು ಸಾರಿನಿಂದ. ಇಲ್ಲಿ ಕನ್ನಡದವರಲ್ಲಿ ಒಬ್ಬ ಪಿಕಪ್ ಇಟ್ಕೊಂಡಿದಾನೆ ಅಂದ್ರೆ ಊರಿಗೊಂದೇ ಟ್ರ್ಯಾಕ್ಟರ್ ಇದ್ದಂಗೆ, ಮನೆ ಬದಲಾಯಿಸೋರ ಸೋಫಾ, ಗಣೇಶನ ಹಬ್ಬದ ಮಂಟಪ, ಮಕ್ಕಳ ನಾಟಕದ ಸಿಂಹಾಸನ, ಎಲ್ಲಕ್ಕೂ ನಮ್ಮನೆ ಬಾಗಿಲೇ ತಟ್ಟೋದು. ಯುಗಾದಿ ಊಟಕ್ಕೆ ಅಂತ ಹೆಂಡತಿ ಬೆಳಗಿನ ಜಾವ ಎದ್ದು ನಲವತ್ತು ಜನಕ್ಕೆ ಮಾಡಿದ್ದ ತಿಳಿಸಾರು ಹಿಂದಿನ ಸೀಟಿನ ಹತ್ರ ದೊಡ್ಡ ಪಾತ್ರೇಲಿ ಕೂತಿತ್ತು. ಸಿಗ್ನಲ್ ಬಿಡ್ತು, ಗಾಡಿ ಒಂದನೇ ಗೇರಿಂದ ಎರಡಕ್ಕೆ ಹೋಯ್ತು, ಎರಡರಿಂದ ಮೂರಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಜಾಡಿಸಿ ಒದ್ದಂಗೆ ಧಡಕ್! ಪಾತ್ರೆ ಮುಚ್ಚಳ ಒಂದು ಕಡೆ, ಸಾರು ಇನ್ನೊಂದು ಕಡೆ. ಇವತ್ತಿಗೂ ಬಿಸಿಲಲ್ಲಿ ನಿಲ್ಲಿಸಿದ್ರೆ ಕಾರ್ಪೆಟ್ಟಿಂದ ಇಂಗಿನ ವಾಸನೆ ಬರುತ್ತೆ. "ರೀ, ಇದನ್ನ ರಿಪೇರಿ ಮಾಡಿಸೋವರೆಗೂ ನಾನು ಇದರಲ್ಲಿ ಕಾಲಿಡಲ್ಲ" ಅಂದ್ಲು. ಅದರ ಹಿಂದೆನೇ ಡ್ಯಾಶ್‌ಬೋರ್ಡಲ್ಲಿ ಹಳದಿ ದೀಪ ಹತ್ಕೊಂಡಿತು. ಆ ದೀಪ ಉರೀತಿದ್ರೆ ಹೊಗೆ ಟೆಸ್ಟ್ ಫೇಲು.

ವರ್ಕ್‌ಶಾಪಿಗೆ ಫೋನ್ ಮಾಡಿದ್ರೆ ಬರೀ ನೋಡೋಕ್ಕೇ 180 ಡಾಲರ್ ಅಂದ್ರು. ಮುಟ್ಟೋದಕ್ಕಲ್ಲ, ನೋಡೋಕ್ಕೆ! ಇಪ್ಪತ್ತು ಡಾಲರಿನ ಬ್ಲೂಟೂತ್ ಸ್ಕ್ಯಾನರ್ ತರಿಸಿ ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿದೆ. ಪಿ0700 ಅಂತ ಬಂತು. ಅರ್ಥ ಏನಪ್ಪಾ ಅಂದ್ರೆ "ಗೇರ್‌ಬಾಕ್ಸಿನ ಕಂಪ್ಯೂಟರ್ ಏನೋ ಹೇಳ್ತಿದೆ, ಅದನ್ನೇ ಕೇಳ್ಕೊಳ್ಳಿ." ತಾಲೂಕು ಆಫೀಸಲ್ಲಿ ಪಹಣಿ ಕೇಳೋಕೆ ಹೋದ್ರೆ "ಆ ಟೇಬಲ್ಲಿಗೆ ಹೋಗಿ" ಅಂತಾರಲ್ಲ, ಸೇಮ್. ಆ ಟೇಬಲ್ಲಿನವರ ಮಾತು ಕೇಳಿಸ್ಕೊಳ್ಳೋ ಯೋಗ್ಯತೆ ನನ್ನ ಸ್ಕ್ಯಾನರಿಗೆ ಇರ್ಲಿಲ್ಲ.

ಆಮೇಲೆ ನಾಲ್ಕು ವಿಡಿಯೋ ನೋಡಿ ಪಂಡಿತನಾದೆ. ಈ ಕಂಪ್ಯೂಟರ್ ನಾವು ಆಕ್ಸಿಲರೇಟರ್ ಎಷ್ಟು ತುಳೀತೀವಿ, ಒಳಗಿನ ಕ್ಲಚ್ಚುಗಳು ಎಷ್ಟು ಸವೆದಿವೆ ಅಂತ ನೋಡ್ಕೊಂಡು ಯಾವ ಗೇರಿಗೆ ಎಷ್ಟು ಆಯಿಲ್ ಪ್ರೆಷರ್ ಕೊಡಬೇಕು ಅಂತ ಕಲೀತಾ ಹೋಗುತ್ತಂತೆ. ಕಲಿತಿದ್ದು ಕೆಟ್ಟಿದ್ರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಅರ್ಧ ಗಂಟೆ ಬಿಡಿ, ಎಲ್ಲ ಮರೆಯುತ್ತೆ, ಹೊಸದಾಗಿ ಕಲಿಸಿ ಅಂತ ಅವರ ಉಪದೇಶ. ನಂದು 2014ರ ಸೆಕೆಂಡ್‌ಹ್ಯಾಂಡ್ ಗಾಡಿ, ಹಂಗಾಗಿ ತಪ್ಪನ್ನೆಲ್ಲ ಸಲೀಸಾಗಿ ಹಳೇ ಓನರ್ ತಲೆಗೆ ಕಟ್ಟಿದೆ. ಅಲ್ಲದೆ ನಾನು ಸಾಫ್ಟ್‌ವೇರಿನವನು, ಆಫ್ ಮಾಡಿ ಆನ್ ಮಾಡೋದೇ ನನ್ನ ಕುಲಕಸುಬು.

ಇಲ್ಲಿ ನಮ್ಮ ಮಾವನವರ ಪ್ರವೇಶ. ಆರು ತಿಂಗಳಿಗೆ ಅಂತ ಬಂದಿದ್ರು. ತಿಪಟೂರು ಕಡೆ ಹೈಸ್ಕೂಲಲ್ಲಿ ಮೂವತ್ತೆರಡು ವರ್ಷ ಪಿಟಿ ಮೇಷ್ಟ್ರು, ರಿಟೈರ್ ಆಗಿದ್ರೂ ಬೆಳಗ್ಗೆ ಐದಕ್ಕೆ ಎದ್ದು ನಮ್ಮ ಡ್ರೈವ್‌ವೇನಲ್ಲಿ ಕೈ ಬೀಸ್ಕೊಂಡು ಓಡಾಡೋರು. ಭಾನುವಾರ ಬಾನೆಟ್ ಎತ್ತಿದ್ದೇ ತಡ, ಕೈ ಹಿಂದೆ ಕಟ್ಕೊಂಡು ಬಂದು ನಿಂತ್ರು.

"ಏನಾಗಿದೆ ಅಳಿಯಂದ್ರೇ?"

"ಗೇರು ಜಗ್ತಿದೆ ಮಾವ."

ಸ್ವಲ್ಪ ಹೊತ್ತು ಎಂಜಿನ್ನನ್ನೇ ನೋಡಿ, "ಒಂದ್ಸಲ ವಾಲಿಸಿ ನೋಡಿದ್ರಾ?" ಅಂದ್ರು.

ಎರಡು ಟನ್ನಿಗಿಂತ ಜಾಸ್ತಿ ತೂಕದ ಗಾಡಿ. ಆದ್ರೆ ಅವರ ಜೀವಮಾನದ ಎಲ್ಲ ಗಾಡಿ ಸಮಸ್ಯೆಗಳೂ ಸ್ಕೂಟರನ್ನ ಎಡಕ್ಕೆ ವಾಲಿಸಿ, ಎತ್ತಿ, ಕಿಕ್ ಹೊಡೆದ್ರೆ ಸರಿಹೋಗಿವೆ, ಪಾಪ ಅವರದೇನು ತಪ್ಪು. ನಾನು 10 ಎಂಎಂ ಸಾಕೆಟ್ ಹುಡುಕ್ತಿದ್ದೆ, ಡಬ್ಬದಲ್ಲಿ 9 ಇತ್ತು, 11 ಇತ್ತು, ಹತ್ತರ ಗೂಡು ಮಾತ್ರ ಖಾಲಿ, ಯಾವತ್ತೂ ಅದೊಂದೇ ಖಾಲಿ. ಮಾವ ಒಳಗೆ ಹೋಗಿ ಸೂಟ್‌ಕೇಸಿಂದ ಒಂದು ಹತ್ತು-ಹನ್ನೊಂದರ ಸ್ಪ್ಯಾನರ್ ತಂದುಕೊಟ್ರು. ಚಟ್ನಿಪುಡಿ, ಹಪ್ಪಳದ ಜೊತೆ ಸ್ಪ್ಯಾನರ್ ಯಾಕೆ ತಂದ್ರು ಅಂತ ನಾನೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ.

ಅರ್ಧ ಗಂಟೆ ಆದ್ಮೇಲೆ ಟರ್ಮಿನಲ್ ವಾಪಸ್ ಮುಟ್ಟಿಸ್ತಿದ್ದಂಗೆ ಅಲಾರಂ ಹೊಡ್ಕೊಳ್ಳೋಕೆ ಶುರು. ಭಾನುವಾರ ಬೆಳಗ್ಗೆ ಏಳು ಗಂಟೆ, ಬೀದಿಗೆ ಬೀದಿಯೇ ಮಲಗಿದೆ, ರಿಮೋಟ್ ಕೀ ಮಹಡಿ ಮೇಲೆ ಹೆಂಡತಿ ದಿಂಬಿನ ಹತ್ರ. ನಾನು ಓಡಿ ತರೋಷ್ಟರಲ್ಲಿ ಮಾವ ಎರಡೂ ಕೈ ಎತ್ತಿ "ವಿಶ್ರಾಮ್! ವಿಶ್ರಾಮ್!" ಅಂತ ಗಾಡಿಗೆ ಆರ್ಡರ್ ಕೊಡ್ತಿದ್ರು.

ಈಗ ಪಾಠ. ನಿಧಾನಕ್ಕೆ, ಆಕ್ಸಿಲರೇಟರ್ ಮೇಲೆ ಮೊಟ್ಟೆ ಇಟ್ಟಿದೀವಿ ಅನ್ನೋ ಹಂಗೆ ಒತ್ತಿ ನಲವತ್ತೈದು ಮೈಲಿ ಸ್ಪೀಡಿಗೆ ಏರಿಸ್ಬೇಕು, ಎಲ್ಲ ಗೇರೂ ಬರಬೇಕು, ಆಮೇಲೆ ತಾನಾಗೇ ಇಳಿಯೋಕೆ ಬಿಟ್ಟು ನಿಲ್ಲಿಸ್ಬೇಕು. ಹತ್ತು ಹದಿನೈದು ಸಲ. ಮಾವ ಹಠ ಮಾಡಿ ಪಕ್ಕದಲ್ಲಿ ಕೂತ್ರು. ಇಲ್ಲಿ ಪಕ್ಕದ ಸೀಟು ಬಲಗಡೆ, ಅಂದ್ರೆ ನಮ್ಮ ಕಡೆ ಡ್ರೈವರ್ ಕೂರೋ ಜಾಗ, ಅದೇ ಎಡವಟ್ಟಾಗಿದ್ದು. ಅಲ್ಲಿ ಕೂತ ಕೂಡಲೇ ಅವರೇ ಡ್ರೈವರ್ ಆಗಿಬಿಟ್ರು. ಇಲ್ಲದ ಬ್ರೇಕ್ ತುಳಿಯೋರು, ಇಲ್ಲದ ಕ್ಲಚ್ ಒತ್ತೋರು. ಗಾಡಿ ಗೇರು ಬದಲಾಯಿಸಿದಾಗೆಲ್ಲ ಡ್ರಿಲ್ ಮಾಡಿಸೋ ದನಿಯಲ್ಲಿ "ಏಕ್... ದೋ... ತೀನ್..." ಕನ್ನಡ ಶಾಲೆಯ ಮೇಷ್ಟ್ರಾದ್ರೂ ಎಣಿಸೋದು ಮಾತ್ರ ಹಿಂದಿಯಲ್ಲೇ, ಆ ಮೂವತ್ತೆರಡು ವರ್ಷದ ಅಭ್ಯಾಸ. ನಾಲ್ಕನೇ ಗೇರು ಸ್ವಲ್ಪ ತಡ ಆಯ್ತು ಅನ್ನಿ, "ಚಾರ್ ಎಲ್ಲಿ? ಚಾರ್ ಎಲ್ಲಿ?" ಅಂತ ನನ್ನ ಮುಖ ನೋಡೋರು, ಅದನ್ನ ನಾನೇ ಜೇಬಲ್ಲಿ ಬಚ್ಚಿಟ್ಕೊಂಡಿದೀನಿ ಅನ್ನೋ ಹಂಗೆ. ಸ್ಪೀಡ್ ಇಳಿಸಿದಾಗೆಲ್ಲ ಗ್ಲಾಸ್ ಇಳಿಸಿ ಬಲಗೈ ಹೊರಗೆ ಚಾಚಿ ಮೇಲೆ ಕೆಳಗೆ ಆಡಿಸಿ, ಹಿಂದಿನವರಿಗೆ ನಿಧಾನ ಅನ್ನೋ ಸಿಗ್ನಲ್. ಹಿಂದೆ ಬರ್ತಿದ್ದ ಪುಟ್ಟ ಕಾರಿನ ಅಜ್ಜಿ, ಯಾರೋ ಟಾಟಾ ಮಾಡ್ತಿದಾರೆ ಅಂದ್ಕೊಂಡು ಅವಳೂ ಕೈ ಬೀಸಿದ್ಲು. ಮಾವಂಗೆ ಖುಷಿಯೋ ಖುಷಿ, "ನೋಡಿ, ರೂಲ್ಸ್ ಗೊತ್ತಿರೋ ಜನ."

ಒಂಬತ್ತನೇ ರೌಂಡಲ್ಲಿ ಎಣಿಸೋದು ನಿಂತುಹೋಯ್ತು. ಏನಾಯ್ತು ಅಂತ ನೋಡಿದ್ರೆ ಹೊರಗೆ ನೋಡ್ತಾ ಕೂತಿದಾರೆ. "ನಮ್ಮಪ್ಪಂದು ಒಂದು ಜೊತೆ ಹಳ್ಳಿಕಾರ್ ಎತ್ತಿದ್ವು" ಅಂದ್ರು. "ತಿಪಟೂರು ಸಂತೆಗೆ ಕೊಬ್ಬರಿ ಹಾಕಿ, ವಾಪಸ್ ಬರ್ತಾ ಅಪ್ಪ ಗಾಡೀಲೇ ಮಲಗಿಬಿಡೋರು, ಅವೇ ಮನೆಗೆ ಕರ್ಕೊಂಡು ಬರೋವು. ಅಪ್ಪ ಹೋದ್ಮೇಲೆ ಮಾರಿದ್ವಿ. ಕೊಂಡವನು ಸಂತೆಯಿಂದ ಹೊಡ್ಕೊಂಡು ಹೊರಟ್ರೆ ನಮ್ಮೂರ ತಿರುವಲ್ಲಿ ನಿಂತ್ಕೊಂಡುಬಿಡ್ತಿದ್ವಂತೆ." ಅಷ್ಟೇ. ಎರಡು ರೌಂಡು ಇಬ್ರೂ ಮಾತಾಡ್ಲಿಲ್ಲ. ಮೂರನೇ ಗೇರು ಬೆಣ್ಣೆ ಹಂಗೆ ಬಿತ್ತು.

ಎರಡು ದಿನ ಚೆನ್ನಾಗಿತ್ತು. ನಾನು ಆಫೀಸಲ್ಲಿ ಸಿಕ್ಕಸಿಕ್ಕವರಿಗೆಲ್ಲ 180 ಡಾಲರ್ ಉಳಿಸಿದ ಕಥೆ ಹೇಳಿದೆ. ಮೂರನೇ ದಿನ ಮೀಟಿಂಗಿಗೆ ಲೇಟಾಗಿ ಸ್ವಲ್ಪ ಜೋರಾಗಿ ತುಳಿದೆ, ಧಡಕ್! ಗಾಡಿ ಕೆಲಸ ಗೊತ್ತಿರೋ ಗೆಳೆಯನಿಗೆ ಹೇಳಿದ್ರೆ ನಕ್ಕುಬಿಟ್ಟ. ನನ್ನ ಗಾಡಿಯಂಥದ್ದರಲ್ಲಿ ಗೇರ್‌ಬಾಕ್ಸ್ ಕಲಿತಿದ್ದೆಲ್ಲ ಕರೆಂಟ್ ಹೋದ್ರೂ ಅಳಿಸದ ಮೆಮೊರಿಯಲ್ಲಿ ಇರುತ್ತಂತೆ, ಬ್ಯಾಟರಿ ಬಿಚ್ಚಿದ್ರೆ ಅದು ಕಣ್ಣೂ ಮಿಟುಕಿಸಲ್ವಂತೆ, ಅದನ್ನ ಅಳಿಸೋಕೆ ದೊಡ್ಡ ಸ್ಕ್ಯಾನ್ ಟೂಲೇ ಬೇಕು. "ಹಂಗಾದ್ರೆ ಎರಡು ದಿನ ಹೆಂಗೆ ಸರಿಯಾಗಿತ್ತು?" ಅಂದೆ. "ನೀನು ನಿಧಾನಕ್ಕೆ ಓಡಿಸಿದೆಯಲ್ಲ, ಅದಕ್ಕೆ."

ಬ್ಯಾಟರಿ ಬಿಚ್ಚಿದ್ದಕ್ಕೆ ಅಳಿಸಿಹೋಗಿದ್ದು ಬೇಡದ್ದೆಲ್ಲ. ರೇಡಿಯೋ ಸ್ಟೇಷನ್‌ಗಳು ಹೋದ್ವು, ಗಡಿಯಾರ ಹೋಯ್ತು, ಹಳದಿ ದೀಪದ ಜೊತೆಗೆ ಎಂಜಿನ್ ತನ್ನ ಹೊಗೆಯನ್ನ ತಾನೇ ಪರೀಕ್ಷೆ ಮಾಡಿ ಬರೆದಿಟ್ಕೊಂಡಿದ್ದ ಲೆಕ್ಕನೂ ಹೋಯ್ತು. ಅದನ್ನೇ ಆ ಅಂಗಡಿಯವನು "ರೆಡಿ ಇಲ್ಲ" ಅಂದಿದ್ದು. ಒಂದು ಲೆಕ್ಕ ಬಾಕಿ ಇದ್ರೆ ಪರವಾಗಿಲ್ಲವಂತೆ, ನಂದು ಮೂರು ಬಾಕಿ. ಅವು ಮತ್ತೆ ಬರಬೇಕು ಅಂದ್ರೆ ರಾತ್ರಿಯೆಲ್ಲ ನಿಂತ ಗಾಡಿಯನ್ನ ತಣ್ಣಗೆ ಸ್ಟಾರ್ಟ್ ಮಾಡ್ಬೇಕು, ಟ್ಯಾಂಕ್ ಪೂರ್ತಿ ತುಂಬಿರಬಾರದು, ಖಾಲಿನೂ ಇರಬಾರದು, ಹೈವೇಲೂ ಓಡಿಸ್ಬೇಕು, ಊರೊಳಗೂ ಓಡಿಸ್ಬೇಕು. ಶುಗರ್ ಟೆಸ್ಟಿಗೆ ಹೋಗೋನೂ ಇಷ್ಟು ಪಥ್ಯ ಮಾಡಲ್ಲ.

ಮಾವ ಹೋದ ಗುರುವಾರ ಊರಿಗೆ ಹೊರಟ್ರು. ಸ್ಪ್ಯಾನರ್ ಇಲ್ಲೇ ಬಿಟ್ಟು ಹೋಗಿದಾರೆ, ಹತ್ತರ ಸಾಕೆಟ್ಟಿನ ಖಾಲಿ ಗೂಡಲ್ಲಿ ಅದು ಹಿಡಿಸಲ್ಲ, ಪಕ್ಕದಲ್ಲಿಟ್ಟಿದೀನಿ. ರೀಸೆಟ್ ಮಾಡಿದ ದಿನ ಗಡಿಯಾರಕ್ಕೆ ಟೈಮ್ ಕೂರಿಸಿದ್ದು ಅವರೇ, ತಮ್ಮ ಕೈಗಡಿಯಾರ ನೋಡ್ಕೊಂಡು. ಆ ಕೈಗಡಿಯಾರನ ಆರು ತಿಂಗಳಲ್ಲಿ ಒಂದು ದಿನವೂ ಅವರು ಅಮೆರಿಕದ ಟೈಮಿಗೆ ತಿರುಗಿಸಿರಲಿಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ. ಇವತ್ತು ಬೆಳಗ್ಗೆ ಎಂಟಕ್ಕೆ ಆಫೀಸಿಗೆ ಹೊರಟಾಗ ಡ್ಯಾಶ್‌ಬೋರ್ಡಲ್ಲಿ ಆರೂವರೆ. ಅಲ್ಲಿ ದೇವರಿಗೆ ದೀಪ ಹಚ್ಚೋ ಹೊತ್ತು. ಬದಲಾಯಿಸ್ಬೇಕು, ಬದಲಾಯಿಸ್ತೀನಿ, ಈ ವಾರ ಬೇಡ. ಸಿಗ್ನಲ್ ಬಿಡ್ತು. ಏಕ್... ದೋ... ಧಡಕ್!