ಹಂಚಿಕೊಂಡವನೇ ಜಾಮೀನುದಾರ

ಇವತ್ತು ಬೆಳಗ್ಗೆ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ಮಗುವಿನ ಫೋಟೋ ಬಂತು. ಮೂಗಿಗೆ ನಳಿಕೆ, ಕೆನ್ನೆಯ ಮೇಲೆ ಅದನ್ನು ಹಿಡಿದಿಟ್ಟ ಬಿಳಿ ಪಟ್ಟಿ, ಹಾಸಿಗೆಯ ಪಕ್ಕದ ಮೇಜಿನ ಮೇಲೆ ಅರ್ಧ ಮಾತ್ರ ಕಾಣುವ ಸ್ಟೀಲ್ ಲೋಟ. ಆ ಲೋಟ ಕಣ್ಣಿಗೆ ಬಿದ್ದದ್ದೇ ನನಗೆ ರಕ್ತ ಕುದಿಯಿತು. ಹೋದ ವರ್ಷ ಇದೇ ಮಗು, ಇದೇ ಲೋಟ, ಬೇರೊಂದು ಹೆಸರಿನಲ್ಲಿ, ಬೇರೊಂದು ಆಸ್ಪತ್ರೆಯ ವಿಳಾಸದೊಂದಿಗೆ ಬಂದಿತ್ತು. ಆಗ ಹೃದಯದ ಕಾಯಿಲೆ, ಈಗ ರಕ್ತದ ಕ್ಯಾನ್ಸರ್. ಕೆಳಗೊಂದು ಕ್ಯೂಆರ್ ಕೋಡ್, ಅದರ ಕೆಳಗೆ "ಹಣ ಹಾಕಲಾಗದಿದ್ದರೆ ಶೇರ್ ಆದರೂ ಮಾಡಿ" ಎಂಬ ಬೇಡಿಕೆ.

ನನ್ನ ಸಿಟ್ಟು ಆ ಕಳ್ಳರಿಗಿಂತ ಹೆಚ್ಚಾಗಿ, ಆ ಕೊನೆಯ ಸಾಲಿಗೆ ಓಗೊಡುವ ನಮ್ಮ ಮೇಲೆಯೇ ಇದೆ. ಮುಖಪರಿಚಯವಿಲ್ಲದವನು ಕೇಳಿದರೆ ಯಾರೂ ಸಾವಿರಾರು ರೂಪಾಯಿ ಕೊಡುವುದಿಲ್ಲ. ಕೊಡುವುದು ಅದನ್ನು ಕಳಿಸಿದ ಗೆಳೆಯನ ಮುಖ ನೋಡಿ, ನಿವೃತ್ತ ಮೇಷ್ಟರ ಮುಖ ನೋಡಿ. ಹಂಚಿಕೊಳ್ಳುವುದೆಂದರೆ ಜಾಮೀನು ನಿಲ್ಲುವುದು. ತಮ್ಮನ ಸಾಲಕ್ಕೆ ಸಹಿ ಹಾಕಲು ಹಿಂದೆಮುಂದೆ ನೋಡುವ ನಾವು ಇಲ್ಲಿ ಮಾತ್ರ ಕಣ್ಣುಮುಚ್ಚಿ ಜಾಮೀನು ನಿಲ್ಲುತ್ತೇವೆ.

ಹೇಳಿಬಿಡುತ್ತೇನೆ: ಹೋದ ವರ್ಷ ಆ ಫೋಟೋವನ್ನು ನಮ್ಮ ಕುಟುಂಬದ ಗುಂಪಿಗೆ ಕಳಿಸಿದವನು ನಾನೇ. ಕೆಲವು ತಿಂಗಳಾದ ಮೇಲೆ ಮಲ್ಲೇಶ್ವರದಲ್ಲಿ ಸೋದರತ್ತೆಯ ಮನೆಗೆ ಹೋಗಿದ್ದಾಗ ಅವರ ಫೋನಿನಿಂದ ಕರೆಂಟ್ ಬಿಲ್ ಕಟ್ಟಿಕೊಡುತ್ತಿದ್ದೆ. ಹಳೆಯ ಪಾವತಿಗಳ ನಡುವೆ ಯಾವುದೋ ಮೊಬೈಲ್ ಅಂಗಡಿಯ ಹೆಸರಿಗೆ 5,000 ರೂಪಾಯಿ ಹೋಗಿರುವುದು ಕಂಡಿತು. "ಇದು ಯಾರಿಗೆ ಅತ್ತೆ?" ಎಂದೆ.

"ಅದೇ ಕಣೋ, ನೀನು ಕಳಿಸಿದ್ದೆಯಲ್ಲ, ಆ ಮಗುವಿಗೆ. ಈಗ ಹೇಗಿದೆಯಂತೆ?"

ಮಾವನವರ ಕುಟುಂಬ ಪಿಂಚಣಿಯಲ್ಲಿ ತಿಂಗಳು ದೂಡುವ ಜೀವ ಅದು. "ಪರವಾಗಿಲ್ಲವಂತೆ" ಎಂದು ಸುಳ್ಳು ಹೇಳಿದೆ.

ಯುಪಿಐನಲ್ಲಿ ಪಿನ್ ಒತ್ತುವ ಮೊದಲು ಹಣ ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಅತ್ತೆಗೂ ಅದು ಕಂಡಿರಲೇಬೇಕು. ಆದರೆ ಅವರು ನಂಬಿದ್ದು ಪರದೆಯನ್ನಲ್ಲ, ನನ್ನನ್ನು. ಮೋಸ ಎಷ್ಟು ಸಣ್ಣ ಸಂದಿಯಲ್ಲಿ ನುಸುಳುತ್ತದೆಂದರೆ, 2020ರಲ್ಲಿ ಪಿಎಂ ಕೇರ್ಸ್ ನಿಧಿ ಆರಂಭವಾದ ಬೆನ್ನಿಗೇ ಅದರ ಯುಪಿಐ ಐಡಿಯಲ್ಲಿದ್ದ 'pmcares' ಎಂಬುದರ ಕೊನೆಯ 'ಎಸ್' ಅಕ್ಷರವೊಂದನ್ನು ಕೈಬಿಟ್ಟು ನಕಲಿ ಐಡಿ ಸೃಷ್ಟಿಸಿದ್ದರು. ಇನ್ನು ಕೆಲವರು "80ಜಿ ತೆರಿಗೆ ವಿನಾಯಿತಿ ಉಂಟು" ಎಂದು ಬರೆದು ವೈಯಕ್ತಿಕ ಖಾತೆಯ ಸಂಖ್ಯೆ ಕೊಡುತ್ತಾರೆ. ದಾನದ ಮೇಲಿನ ಈ ತೆರಿಗೆ ವಿನಾಯಿತಿ ಮಾನ್ಯತೆ ಪಡೆದ ನಿಧಿಗಳಿಗೆ, ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ಮಾತ್ರ. ಒಬ್ಬ ವ್ಯಕ್ತಿಯ ಖಾತೆಗೆ ಹಾಕಿದ ಹಣಕ್ಕೆ ಅದು ಸಿಗುವುದೇ ಇಲ್ಲ.

"ಹೀಗೆ ವಿಚಾರಿಸುತ್ತಾ ಕುಳಿತರೆ ನಿಜವಾದ ಮಗುವೊಂದು ಸತ್ತುಹೋದೀತು" ಎಂದು ಗುಂಪಿನಲ್ಲಿ ಹಿರಿಯರೊಬ್ಬರು ನನ್ನನ್ನು ಗದರಿದರು. ಅವರ ಕಳಕಳಿ ದೊಡ್ಡದು, ವಾದ ಮಾತ್ರ ಸರಿಯಲ್ಲ. ವಿಚಾರಿಸಲು ಬೇಕಾದದ್ದು ಒಂದು ಫೋನ್ ಕರೆ. ಅದೂ ಪೋಸ್ಟರಿನಲ್ಲಿರುವ ನಂಬರಿಗಲ್ಲ. ಆಸ್ಪತ್ರೆಯ ನಂಬರನ್ನು ನಾವೇ ಹುಡುಕಿ ಕರೆ ಮಾಡಿ, ಈ ಹೆಸರಿನ ರೋಗಿ ದಾಖಲಾಗಿದ್ದಾರೆಯೇ, ರೋಗಿಯ ನೋಂದಣಿ ಸಂಖ್ಯೆ ಹೇಳಿ ನೇರವಾಗಿ ಆಸ್ಪತ್ರೆಗೇ ಹಣ ಕಟ್ಟಬಹುದೇ ಎಂದು ಕೇಳಬೇಕು. ನಿಜವಾಗಿಯೂ ಕಷ್ಟದಲ್ಲಿರುವ ತಂದೆತಾಯಿ ಆಸ್ಪತ್ರೆಯ ಖರ್ಚಿನ ಅಂದಾಜು ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿರುತ್ತಾರೆ. ಕೇಳಿದರೆ ಬೇಸರಿಸುವುದಿಲ್ಲ, ತೋರಿಸುತ್ತಾರೆ. ಈ ಕಳ್ಳರಿಂದ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರೂ ಅವರೇ, ಏಕೆಂದರೆ ಒಮ್ಮೆ ಸುಟ್ಟುಕೊಂಡ ಕೈ ಎರಡನೆಯ ಸಲ ಅವರ ಕಡೆಗೆ ಚಾಚುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗುಂಪಿನ ಅಡ್ಮಿನ್ ಆ ಫೋಟೋವನ್ನು ಅಳಿಸಿದರು. ಅಷ್ಟರೊಳಗೆ ಇಬ್ಬರು ಹಣ ಕಳಿಸಿಯಾಗಿತ್ತು. ಅವರಿಬ್ಬರಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿದ್ದೇನೆ. ಹಣ ಕಳ್ಳರ ಖಾತೆಯಿಂದ ಮುಂದೆ ಸಾಗುವ ಮೊದಲೇ ದೂರು ತಲುಪಿದರೆ ತಡೆಹಿಡಿಯುವ ಅವಕಾಶವಿರುತ್ತದೆ.

ಅತ್ತೆಗೆ ನಾನಿನ್ನೂ ನಿಜ ಹೇಳಿಲ್ಲ. ಇವತ್ತು ಸಂಜೆ ಮಲ್ಲೇಶ್ವರಕ್ಕೆ ಹೋಗುತ್ತಿದ್ದೇನೆ.