ಕಾಲು ಸೆಕೆಂಡಿನಲ್ಲಿ ಕಳೆದ ಕಾಲು

ಕಲಬುರಗಿಯ ಯಾವ ಮನೆಯ ಫೋನ್ ತೆರೆದು ನೋಡಿದರೂ ಶರಣಬಸವೇಶ್ವರ ಜಾತ್ರೆಯ ಫೋಟೊಗಳ ನಡುವೆ ಒಂಟಿಕಾಲಿನ ಮಾವ ಒಬ್ಬ ಇದ್ದೇ ಇರುತ್ತಾನೆ. ಬಿಳಿ ಧೋತರ, ತಲೆಗೆ ಪಟಗ, ಕೈಯಲ್ಲಿ ಉತ್ತತ್ತಿ ಚೀಲ, ಎಲ್ಲಾ ಅಗದಿ ಸರಿ. ಸೊಂಟದ ಕೆಳಗೆ ಮಾತ್ರ ಒಂದೇ ಕಂಬ. ಮುಂದಿನ ಫೋಟೊದಲ್ಲಿ ಮೂರು ಕಾಲಿನ ಎಮ್ಮೆ. “ಯಪ್ಪಾ, ಮಾವಗ ಏನಾಗ್ಯದರಿ?” ಅಂತ ಪುಣೆಯಲ್ಲಿರುವ ಸೊಸೆ ಗಾಬರಿಯಿಂದ ಕೇಳುತ್ತಾಳೆ. ಮಾವನಿಗೆ ಏನೂ ಆಗಿಲ್ಲ. ಕಾಲು ಸೆಕೆಂಡು ತಪ್ಪಿತು, ಕಾಲು ಹೋಯಿತು, ಅಷ್ಟೇ.

ನಿರುಮ್ಮಳವಾಗಿ ನಡೆಯುವ ಮನುಷ್ಯ ಸೆಕೆಂಡಿಗೆ ಸುಮಾರು 2 ಹೆಜ್ಜೆ ಹಾಕುತ್ತಾನೆ. ಹೆಜ್ಜೆಗೆ ಅರ್ಧ ಸೆಕೆಂಡು. ಕಣ್ಣು ಕಂಡದ್ದು ತಲೆಗೆ ಮುಟ್ಟಿ, ತಲೆ ಹೆಬ್ಬೆರಳಿಗೆ ಹುಕುಂ ಕೊಟ್ಟು, ಬೆರಳು ಬಟನ್ ಒತ್ತುವಷ್ಟರಲ್ಲಿ ಹತ್ತಿರ ಹತ್ತಿರ ಕಾಲು ಸೆಕೆಂಡು ಖರ್ಚು, ಅಂದರೆ ಅರ್ಧ ಹೆಜ್ಜೆ. ಎರಡೂ ಕಾಲು ಕತ್ತರಿಯಂತೆ ಅಗಲವಾದದ್ದನ್ನು ಕಂಡು “ಹಾಂ, ಈಗ!” ಎಂದು ಒತ್ತಿದಿರಿ ಅನ್ನಿ. ಫೋಟೊ ಬೀಳುವ ಹೊತ್ತಿಗೆ ಹಿಂದಿನ ಕಾಲು ಮುಂದಕ್ಕೆ ಬಂದು, ನೆಲದಲ್ಲಿ ಊರಿದ ಕಾಲಿನ ಮರೆಗೆ ಸೇರಿಕೊಂಡಿರುತ್ತದೆ. ಎಷ್ಟು ಶ್ರದ್ಧೆಯಿಂದ ನೋಡಿ ಒತ್ತುತ್ತೀರೋ ಅಷ್ಟು ನಿಷ್ಠೆಯಿಂದ ಮಾವ ಕುಂಟುತ್ತಾನೆ.

ಉಪಾಯ ಸ್ವಲ್ಪ ಉಲ್ಟಾ ಇದೆ: ಚೆಂದ ಕಂಡಾಗ ಒತ್ತಬೇಡಿ, ಕೆಟ್ಟದಾಗಿ ಕಂಡಾಗ ಒತ್ತಿ. ಕಾಲಿಗೆ ಕಾಲು ಕೂಡಿದಾಗ ಬೆರಳು ಇಳಿಸಿದರೆ ಫೋಟೊ ಕಾಲು ಅಗಲಿದಾಗ ಸಿಗುತ್ತದೆ. ಇದಕ್ಕಿಂತ ಛಲೋ ದಾರಿ ತಾಳ. ಹಿಮ್ಮಡಿ ನೆಲಕ್ಕೆ ಬೀಳುವ ಸಪ್ಪಳ ಬರುವ ಹೊತ್ತಿಗೇ ಕಾಲುಗಳು ಅತಿ ಅಗಲವಾಗಿರುತ್ತವೆ. ಆಗ ಎರಡೂ ಪಾದ ನೆಲದ ಮೇಲಿರುವ ಅವಧಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ಭಜನೆಯಲ್ಲಿ ತಾಳ ಕುಟ್ಟುವವನು ಸಪ್ಪಳ ಕೇಳಿ ಆಮೇಲೆ ಕುಟ್ಟುವುದಿಲ್ಲ, ಸಪ್ಪಳದ ಜೊತೆಗೇ ಕುಟ್ಟುತ್ತಾನೆ. ನಾಲ್ಕು ಹೆಜ್ಜೆ ಮನಸ್ಸಿನಲ್ಲೇ ಎಣಿಸಿ ಐದನೆಯದಕ್ಕೆ ಒತ್ತಿ. ಬರ್ಸ್ಟ್ ಮೋಡ್ ಇದ್ದರೆ ಸೆಕೆಂಡಿಗೆ 10 ಫೋಟೊ, ಹೆಜ್ಜೆಗೆ 5. ಒಂದಾದರೂ ಎರಡು ಕಾಲಿನದು ಸಿಗುತ್ತದೆ. ಆದರೆ ಉಳಿದ ನಾಲ್ಕನ್ನು ಅಳಿಸುವ ಮನುಷ್ಯ ಇನ್ನೂ ಹುಟ್ಟಿಲ್ಲ.

ಇನ್ನು ಪಾದದ ಪಾಡು. ಗಂಟೆಗೆ 5 ಕಿಲೋಮೀಟರ್ ನಡಿಗೆಯಲ್ಲಿ ಮೈ ಸೆಕೆಂಡಿಗೆ 1.4 ಮೀಟರ್ ಸರಿಯುತ್ತದೆ. ಬೀಸಿಕೊಂಡು ಮುಂದೆ ಬರುವ ಪಾದದ ವೇಗ ಮಾತ್ರ ಅದರ ಸುಮಾರು ಮೂರರಷ್ಟು. ಶಟರ್ 1/60ರಲ್ಲಿದ್ದರೆ, ಅಂದರೆ ಕ್ಯಾಮೆರಾದ ಕಣ್ಣು ಸೆಕೆಂಡಿನ 60ನೇ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೆ, ಅಷ್ಟರಲ್ಲಿ ಮೈ ಸರಿದದ್ದು ಎರಡೂಕಾಲು ಸೆಂಟಿಮೀಟರ್, ಪಾದ ಸರಿದದ್ದು 7. ಮುಖ ಹೇಗೋ ಗುರುತು ಹತ್ತುತ್ತದೆ, ಪಾದ ಕಲಸಿದ ಝುಣಕ. 1/500ಕ್ಕೆ ಏರಿಸಿದರೆ ಪಾದದ ಸರಿತ 8 ಮಿಲಿಮೀಟರಿಗೆ ಇಳಿದು ಚಪ್ಪಲಿಯ ಉಂಗುಟವೂ ಕಾಣುತ್ತದೆ. ಓಡುವ ಮಕ್ಕಳಿಗೆ 1/1000, ನಾಗಾಲೋಟದ ಕುದುರೆಗೆ 1/2000. ಬೆಳಕಿಗೆ ನಮ್ಮಲ್ಲಿ ಬರ ಇಲ್ಲ, ಬಿಸಿಲು ಪುಕ್ಕಟೆ. ಲೆನ್ಸಿನ ಕಿಂಡಿ ಎಫ್ 5.6, ಬೆಳಕು ಹೀರುವ ಚುರುಕು ಐಎಸ್‌ಒ 400 ಇಟ್ಟರೆ ಬಯಲಲ್ಲಿ 1/3200 ಆರಾಮಾಗಿ ಸಿಗುತ್ತದೆ. ಆದರೆ ಮೇ ತಿಂಗಳ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಕೂತಿರುತ್ತಾನೆ. ಪಟಗದ ಕೆಳಗಿನ ಮುಖ ಸುಟ್ಟ ಬದನೆಕಾಯಿ ಆಗುತ್ತದೆ, ನೆರಳು ಕಾಲಡಿಯಲ್ಲೇ ಮುದುಡಿಕೊಳ್ಳುತ್ತದೆ. ಮುಂಜಾನೆ ಒಂಬತ್ತರೊಳಗೆ, ಇಲ್ಲವೇ ಸಂಜೆ ನಾಲ್ಕೂವರೆ ನಂತರ.

ತೇರು ಎಳೆಯುವುದು ಬೆಳಕು ಹೋಗುವ ಹೊತ್ತಿಗೆ. ಆಗ ಫೋನು ತಾನೇ ಶಾಣ್ಯಾ ಎಂದುಕೊಂಡು ನೈಟ್ ಮೋಡ್ ಹಚ್ಚಿ, ಹಲವು ಫೋಟೊ ಹಿಡಿದು ಒಂದಕ್ಕೊಂದು ಹೊಲಿಯುತ್ತದೆ. ನಿಂತ ಗುಡಿಗೆ ಅದು ಸರಿ. ನಡೆಯುವವರಿಗೆ ಹೊಲಿಗೆ ಹಾಕಿದರೆ ಒಬ್ಬನ ಮೊಣಕಾಲು ಇನ್ನೊಬ್ಬನ ಧೋತರದಿಂದ ಹೊರಬರುತ್ತದೆ. ನೈಟ್ ಮೋಡ್ ಬಂದ್ ಮಾಡಿ, ಅಳತೆಗಳನ್ನು ನಾವೇ ಇಡುವ ಪ್ರೊ ಮೋಡಿನಲ್ಲಿ ಶಟರ್ 1/250 ಇಟ್ಟು, ಐಎಸ್‌ಒ ಏರಲು ಬಿಡಿ. ಕಾಳುಕಾಳು ಬಂದರೂ ಬರಲಿ, ಕಾಲು ಯಾರದು ಎಂಬ ವ್ಯಾಜ್ಯ ಇರುವುದಿಲ್ಲ.

ಎಮ್ಮೆಯದು ಬ್ಯಾರೆ ಪುರಾಣ. ನೇರ ಪಕ್ಕದಿಂದ ಹಿಡಿದರೆ ಈ ಕಡೆಯ ಕಾಲು ಆ ಕಡೆಯ ಕಾಲನ್ನು ಮುಚ್ಚುತ್ತದೆ, ಹೀಗಾಗಿ ಮೂರು ಕಾಲು. ಮೂವತ್ತು ಡಿಗ್ರಿಯಷ್ಟು ಮುಂದಕ್ಕೆ ಸರಿದು ನಿಂತರೆ ನಾಲ್ಕೂ ಬಿಡಿಸಿ ಕಾಣುತ್ತವೆ. ಪಕ್ಕದಿಂದಲೇ ಬೇಕೆಂದರೆ ಹಿಂಗಾಲು ಮುಂದೆ ಬಂದು ಅದೇ ಬದಿಯ ಮುಂಗಾಲಿನ ಗೊರಸಿಗೆ ತಾಗುವಂತಾಗುವ ತನಕ ಕಾಯಿರಿ. ಆಗ ಆಚೆ ಬದಿಯ ಕಾಲುಗಳು ಡೇರೆಯ ಗೂಟದಂತೆ ಅಗಲವಾಗಿರುತ್ತವೆ. ಫೋಕಸ್ ಕರಿ ಮೈಮೇಲೆ ನಿಲ್ಲುವುದಿಲ್ಲ, ಹಿಡಿಯಲು ಗೆರೆಯೇ ಇಲ್ಲದೆ ಲೆನ್ಸ್ ಹಿಂದೆ ಮುಂದೆ ಗುರುಗುಟ್ಟುತ್ತದೆ. ಕೊಂಬಿನ ಬುಡಕ್ಕೋ ಮೂಗುದಾರಕ್ಕೋ ಇಡಿ. ಚೌಕಟ್ಟಿನ ತುಂಬ ಎಮ್ಮೆಯೇ ಇದ್ದರೆ ಕ್ಯಾಮೆರಾ ಕಪ್ಪನ್ನು ಬೂದಿ ಮಾಡುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧಕ್ಕೆ. ಬೀದರ್ ಕಡೆಯ ದೇವಣಿ ಎತ್ತಿಗೆ ಇದರ ಉಲ್ಟಾ: ಬಿಳಿ ಮೈ ಮಬ್ಬಾಗುತ್ತದೆ, ಒಂದು ಸ್ಟಾಪ್ ಏರಿಸಬೇಕು. ಆ ತಳಿಯಲ್ಲಿ ಮೈ ಬಿಳಿ ಮುಖ ಕರಿ ಇರುವವೂ ಇವೆ. ಅಲ್ಲಿ ಮುಖ ನೋಡಿ ಏರಿಸಿದರೆ ಬೆನ್ನು ಸುಣ್ಣದ ಗೋಡೆ. ಬೆನ್ನನ್ನು ಕಾಪಾಡಿ, ಮುಖ ಆಮೇಲೆ ತಿದ್ದಬಹುದು.

ನಾಯಿಯ ಕಾಲು ಚೆಂದ ಬರಬೇಕಾದರೆ ಕ್ಯಾಮೆರಾ ಮೊಣಕಾಲಿಗಿಂತ ಕೆಳಗಿರಬೇಕು. ಪುಸ್ತಕದ ಈ ಮಾತು ನಮ್ಮ ಓಣಿಯ ನಾಯಿಗೆ ಗೊತ್ತಿಲ್ಲ. ಅದರ ಅನುಭವದಲ್ಲಿ ಬಗ್ಗುವ ಮನುಷ್ಯ ಕಲ್ಲು ಎತ್ತಲು ಬಗ್ಗುತ್ತಾನೆ. ನೀವು ಕೂತಿರಿ, ಅದು ಸೂಪರ್ ಮಾರ್ಕೆಟ್ ದಾಟಿತು. ಹತ್ತು ನಿಮಿಷ ಮೊದಲೇ ಹೋಗಿ ಕಟ್ಟೆಯ ಕೆಳಗೆ ಕೂತುಬಿಡಿ, ಅದು ನಿಮ್ಮನ್ನು ಬಿಟ್ಟ ಸಾಮಾನು ಎಂದು ತಿಳಿದು ತನ್ನ ಪಾಡಿಗೆ ಬರುತ್ತದೆ.

ಕುದುರೆಯ ವಿಷಯದಲ್ಲಿ ಮೋಸಹೋದದ್ದು ನಾವಷ್ಟೇ ಅಲ್ಲ. ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಬಿಡಿಸಿದ ಕುದುರೆಯನ್ನು ನೋಡಿ: ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುತ್ತಿರುತ್ತದೆ. ಯುರೋಪಿನ ದೊಡ್ಡ ದೊಡ್ಡ ಚಿತ್ರಕಾರರೂ ಹಾಗೇ ಬರೆದರು. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಫೋಟೊಗ್ರಾಫರ್ 12 ಕ್ಯಾಮೆರಾ ಸಾಲಾಗಿಟ್ಟು, ದಾರಿಗೆ ಅಡ್ಡ ದಾರ ಕಟ್ಟಿ, ಓಡುವ ಕುದುರೆಯೇ ದಾರ ಹರಿದು ಫೋಟೊ ತೆಗೆಯುವಂತೆ ಮಾಡಿದ. ನಾಲ್ಕೂ ಗೊರಸು ಗಾಳಿಯಲ್ಲಿರುವುದು ನಿಜವೇ. ಆದರೆ ಕಾಲು ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ. ಗಮನಿಸಬೇಕಾದದ್ದು, ಬಟನ್ ಒತ್ತುವ ಕೆಲಸವನ್ನು ಆತ ಮನುಷ್ಯನ ಬೆರಳಿಗೆ ಬಿಡಲೇ ಇಲ್ಲ.

ವೇಗ ಕಾಣಲಿ, ಹಿನ್ನೆಲೆ ಗೀರು ಗೀರಾಗಲಿ ಎನ್ನುವವರಿಗೆ ಪ್ಯಾನಿಂಗ್ ಇದೆ, ಅಂದರೆ ಸಾಗುವುದರ ಜೊತೆಗೇ ಕ್ಯಾಮೆರಾ ತಿರುಗಿಸುತ್ತ ಒತ್ತುವುದು. ನಡೆಯುವ ಎತ್ತಿನ ಬಂಡಿಗೆ 1/30, ಸೈಕಲ್ಲಿಗೆ 1/60. ಪಾದ ಎರಡೂ ಬಂಡಿ ಹೋಗಿ ಮುಟ್ಟುವ ದಿಕ್ಕಿಗಿರಲಿ. ಸೊಂಟದಿಂದ ಮೇಲೆ ಮಾತ್ರ ಅದು ಬರುವ ಕಡೆ ತಿರುಚಿ, ಬಂಡಿಯ ಜೊತೆ ಬಿಚ್ಚಿಕೊಳ್ಳುತ್ತ ಬನ್ನಿ. ಒತ್ತಿದ ಮೇಲೂ ತಿರುಗುತ್ತಲೇ ಇರಿ, ಅಲ್ಲೇ ನಿಂತರೆ ಚಿತ್ರ ಜರ್ಕು ಹೊಡೆಯುತ್ತದೆ. ಇಪ್ಪತ್ತರಲ್ಲಿ ಒಂದು ಸರಿ ಬಂದರೆ ಮನೆಯಲ್ಲಿ ಹೋಳಿಗೆ ಮಾಡಿಸಬಹುದು. ಬಲಮೊಣಕೈ ಪೂರ್ತಿ ಸುತ್ತು ಬರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಮಿರ್ಚಿ ಭಜಿ ಪ್ಲೇಟು ಹಿಡಿದವರು ಯಾವಾಗಲೂ ಆ ಬದಿಗೇ ನಿಂತಿರುತ್ತಾರೆ. ಫೋನಿನಲ್ಲಿ ಜೋರಾಗಿ ತಿರುಗಿಸಿದರೆ ಯಾದಗಿರಿ ಕೋಟೆಯ ಗೋಡೆ ಓರೆಯಾಗುತ್ತದೆ. ಸೆನ್ಸರ್ ಚಿತ್ರವನ್ನು ಒಮ್ಮೆಲೇ ಹಿಡಿಯದೆ ಸಾಲು ಸಾಲಾಗಿ ಓದುತ್ತದೆ, ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಫೋನು ಸರಿದುಹೋಗಿರುತ್ತದೆ.

ಎಲ್ಲಕ್ಕಿಂತ ಕಷ್ಟದ ಪ್ರಾಣಿ ಮನುಷ್ಯ. ಕೇಳದೆ ತೆಗೆಯಬಾರದು, ಕೇಳಿದರೆ ನಡೆಯುವುದಿಲ್ಲ. “ಕಾಕಾ, ಒಂದು ಫೋಟೊ ತೆಗೀಲೇನ್ರಿ?” ಎಂದ ತಕ್ಷಣ ಕಾಕಾ ಧ್ವಜಸ್ತಂಭ. “ಹಂಗ ನಡಕೋತ ಬರ್ರಿ” ಎಂದರೆ ಎಡಗಾಲಿನ ಜೊತೆ ಎಡಗೈ ಎತ್ತುತ್ತಾರೆ, ಐವತ್ತು ವರ್ಷದ ರೂಢಿಯೆಲ್ಲ ಮರೆತು. ಅದಕ್ಕೆ ಮದ್ದು ತೊಗರಿ ರೇಟು. “ಈ ಸಲ ಎಷ್ಟಕ್ಕ ಹೋಯ್ತರಿ?” ಎಂದು ಕೇಳಿ ಜೊತೆಗೆ ಹತ್ತು ಹೆಜ್ಜೆ ನಡೆಯಿರಿ. ಸಿಟ್ಟು ಬಂತೆಂದರೆ ಕೈಕಾಲು ತಾವೇ ಸರಿಹೋಗುತ್ತವೆ. ಆಮೇಲೆ ನೀವು ಮುಂದೆ ಓಡಿ, ಐದಾರು ಮೀಟರ್ ದೂರದಲ್ಲಿ ನೆಲದ ಒಂದು ಕಲ್ಲಿಗೆ ಫೋಕಸ್ ಕಟ್ಟಿ ಕಾಯಿರಿ. ಮೂಗಿನ ಮುಂದೆ ಜಾಗ ಬಿಡಿ, ಪಾದ ಕತ್ತರಿಸಬೇಡಿ.

ಇಷ್ಟೆಲ್ಲ ಯಾರಿಗೆ ಬೇಕು ಎನ್ನುವವರಿಗೆ ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವಿದೆ. ಅಲ್ಲಿ ಹೆಜ್ಜೆ ಎತ್ತುವ ಪ್ರಶ್ನೆಯೇ ಇಲ್ಲ. ಟ್ರೈಪಾಡ್ ಊರಿ, ಟೈಮರ್ 2 ಸೆಕೆಂಡಿಗೆ ಇಟ್ಟು, ಉಸಿರು ಬಿಗಿಹಿಡಿದು ನಿಂತರೆ ಆ ಎರಡು ಸೆಕೆಂಡಿನಲ್ಲೇ ಒಂದು ಟಂಟಂ ಅಡ್ಡ ಬರುತ್ತದೆ. ಹಿಂದೆ ಜೋತುಬಿದ್ದವನ ಎತ್ತಿದ ಕಾಲು ಮಾತ್ರ ಎಷ್ಟು ಸ್ಪಷ್ಟ ಬಂದಿರುತ್ತದೆ ಅಂತೀರಿ!