ಬಾಯೊಳಗಿನ ಹೆಣ್ಣು ಟರ್ಕಿ

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ತೆಂಗಿನ ಗರಿ ಸುತ್ತಿ ಪೀಪಿ ಊದುತ್ತಿದ್ದೆವು. ಸುತ್ತಿದ್ದು ಸಡಿಲವಾದರೆ ಬರೀ ಗಾಳಿ, ಬಿಗಿಯಾದರೆ ಕೀರಲು. ನಲವತ್ತು ದಾಟಿದ ಮೇಲೆ ಅಮೆರಿಕದ ಪೆನ್ಸಿಲ್ವೇನಿಯಾದ ಅಂಗಡಿಯೊಂದರಲ್ಲಿ ಆ ಪೀಪಿ ನೆನಪಾಯಿತು. ಎದುರಿಗೆ ಒಂದು ಗೋಡೆ ತುಂಬ ಮೌತ್ ಕಾಲ್‌ಗಳು ನೇತಾಡುತ್ತಿದ್ದವು.

ಟರ್ಕಿ ಅಂದರೆ ಇಲ್ಲಿನ ಕಾಡಿನ ದೊಡ್ಡ ಕೋಳಿಯಂಥ ಹಕ್ಕಿ, ಅದರ ಬೇಟೆಯಲ್ಲಿ ಹಕ್ಕಿಯನ್ನು ಕರೆಯೋಕೆ ಬಾಯಲ್ಲಿಟ್ಟು ಊದುವ ಸಾಧನ ಮೌತ್ ಕಾಲ್. ಕುದುರೆ ಲಾಳದಂಥ ಪುಟ್ಟ ಅಲ್ಯೂಮಿನಿಯಂ ಚೌಕಟ್ಟು. ಅದರೊಳಗೆ ಬಿಗಿದು ಕಟ್ಟಿದ ತೆಳು ಲೇಟೆಕ್ಸ್ ಪದರ, ಅದಕ್ಕೆ ರೀಡ್ ಅಂತಾರೆ. ಸುತ್ತ ಟೇಪು. ಇದನ್ನು ಅಂಗುಳಕ್ಕೆ ಒತ್ತಿಕೊಂಡು ನಾಲಿಗೆ ಮೇಲಿಂದ ಉಸಿರು ಬಿಟ್ಟರೆ ಹೆಣ್ಣು ಟರ್ಕಿಯ ದನಿ ಬರಬೇಕು. ಬರಬೇಕು ಅಷ್ಟೆ.

ಹೆಣ್ಣಿನ ದನಿ ಯಾಕೆ ಅಂದರೆ, ವಸಂತದಲ್ಲಿ ಇಲ್ಲಿ ಗಡ್ಡ ಇರುವ ಟರ್ಕಿಯನ್ನು ಮಾತ್ರ ಹೊಡೆಯಬಹುದು. ಗಡ್ಡ ಅಂದರೆ ಎದೆಯಿಂದ ಇಳಿಬಿದ್ದ ಗರಿಯ ಜೊಂಪೆ, ಬಹುಮಟ್ಟಿಗೆ ಗಂಡಿಗೇ ಇರುವುದು. ನಮ್ಮ ಕಡೆ ಗಂಡಿನ ಕಡೆಯವರು ಹೆಣ್ಣು ನೋಡೋಕೆ ಬರುತ್ತಾರಲ್ವಾ, ಟರ್ಕಿಗಳಲ್ಲಿ ಉಲ್ಟಾ. ಗಂಡು ನಿಂತಲ್ಲೇ ನಿಂತು ಗೊಬ್ಬಲ್ ಅಂತ ಕೂಗುತ್ತದೆ, ಹೆಣ್ಣು ತಾನೇ ನಡೆದು ಹೋಗುತ್ತದೆ. ಬೇಟೆಗಾರ ಮರದ ಬುಡದಲ್ಲಿ ಕೂತು 'ನಾನು ಬರಲ್ಲ, ನೀನೇ ಬಾ' ಅಂತ ಹಟ ಹಿಡಿಯಬೇಕು. ಪದ್ಧತಿ ಮುರಿದು ಬರುವಂತೆ ಗಂಡನ್ನು ಒಪ್ಪಿಸುವುದು ಸುಲಭವಲ್ಲ.

ನಮ್ಮ ಅಜ್ಜನ ಕಾಲದ ಷಿಕಾರಿಯ ಕಥೆಗಳಲ್ಲಿ ಕರೆಯುವ ಮಾತೇ ಇರಲಿಲ್ಲ. ಹತ್ತು ಜನ ಹಳು ನುಗ್ಗಿ ಗದ್ದಲ ಎಬ್ಬಿಸುವುದು, ನಾಲ್ಕು ಜನ ಕೋವಿ ಹಿಡಿದು ಆಚೆ ಬದಿ ಕಾಯುವುದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದೆಲ್ಲ ಕಥೆಯಾಗಿಯೇ ಉಳಿಯಿತು, ಉಳಿದದ್ದೇ ಒಳ್ಳೆಯದಾಯಿತು. ಇಲ್ಲಿ ಹಳು ನುಗ್ಗುವ ಹಾಗೇ ಇಲ್ಲ. ಪೆನ್ಸಿಲ್ವೇನಿಯಾದಲ್ಲಿ ವಸಂತದ ಟರ್ಕಿಯನ್ನು ಕರೆದೇ ಬೇಟೆಯಾಡಬೇಕು, ಹಿಂದೆ ಬಿದ್ದು ಹೋಗುವುದು ಕಾನೂನಿಗೆ ವಿರುದ್ಧ. ರೆಕಾರ್ಡ್ ಮಾಡಿದ ದನಿ ಹಾಕುವಂತೆಯೂ ಇಲ್ಲ. ಕರೆಯುವವರು ಪೊದೆಯೊಳಗೆ ಹೆಣ್ಣು ಟರ್ಕಿಯ ದನಿ ತೆಗೆಯುವಾಗ ಇನ್ನೊಬ್ಬ ಬೇಟೆಗಾರ ಸದ್ದಿಲ್ಲದೆ ನುಸುಳಿ ಬಂದರೆ ಏನಾಗಬಹುದು ಯೋಚಿಸಿ. ಅದಕ್ಕೇ ಕೆಂಪು, ಬಿಳಿ, ನೀಲಿ ಬಟ್ಟೆ ಹಾಕಬೇಡಿ ಅಂತ ಬೇಟೆಗಾರರ ತರಗತಿಯಲ್ಲಿ ಹೇಳಿಕೊಡುತ್ತಾರೆ. ಗಂಡು ಟರ್ಕಿಯ ತಲೆಯ ಬಣ್ಣ ಅವೇ ಮೂರು. ಈ ಎರಡು ಪದ್ಧತಿಯಲ್ಲಿ ನನಗೆ ಇದೇ ಹೆಚ್ಚು ಹಿಡಿಸುತ್ತದೆ. ಹತ್ತರಲ್ಲಿ ಒಂಬತ್ತು ಸಲ ಹಕ್ಕಿಯೇ ಗೆಲ್ಲುತ್ತದೆ.

ಕರೆಯೋಕೆ ಮೌತ್ ಕಾಲೇ ಆಗಬೇಕೆಂದಿಲ್ಲ. ಮರದ ಪೆಟ್ಟಿಗೆಯ ಮೇಲೆ ಮುಚ್ಚಳ ಉಜ್ಜಿ ದನಿ ತೆಗೆಯುವ ಬಾಕ್ಸ್ ಕಾಲ್ ಇದೆ, ಅರ್ಕಾನ್ಸಾದ ಹೆನ್ರಿ ಗಿಬ್ಸನ್ 1897ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಬಳಪದ ಹಲಗೆ ಮೇಲೆ ಕಡ್ಡಿ ಗೀಚುವ ಸ್ಲೇಟ್ ಕಾಲ್ ಇದೆ. ಹೊಸಬರಿಗೆ ಬಾಕ್ಸ್ ಕಾಲೇ ಸುಲಭ, ಐದು ನಿಮಿಷದಲ್ಲಿ ಟರ್ಕಿಯಂಥ ದನಿ ಬರುತ್ತದೆ. ಆದರೆ ಅದಕ್ಕೆ ಕೈ ಆಡಬೇಕು. ಟರ್ಕಿಯ ಕಣ್ಣು ಎಂಥದ್ದು ಅಂದರೆ ನೀವು ಮೂಗು ಕೆರೆದುಕೊಂಡರೂ ಆಟ ಮುಗೀತು. ಮಳೆ ಬಂದರೆ ಪೆಟ್ಟಿಗೆಗೆ ಬಳಿದ ಚಾಕ್ ನೆನೆದು ದನಿಯೇ ಸಾಯುತ್ತದೆ. ಮೌತ್ ಕಾಲಿಗೆ ಮಳೆಯ ಹಂಗಿಲ್ಲ, ಎರಡೂ ಕೈ ಕೋವಿ ಮೇಲೇ ಇರುತ್ತವೆ.

ನಾನು ಮೊದಲು ಕೊಂಡಿದ್ದು ನಾಲ್ಕು ರೀಡಿನದು. ಜಾಸ್ತಿ ಇದ್ದರೆ ಒಳ್ಳೆಯದು ಅನ್ನುವ ನಮ್ಮ ಬುದ್ಧಿ ಇದೆಯಲ್ಲ, ಅದೇ. ಪ್ಯಾಕೆಟ್ಟಿನ ಮೇಲೆ ಬಾಯಿ ತೆರೆದ ಟರ್ಕಿಯ ಚಿತ್ರ ಬೇರೆ. ಒಂದು ತಿಂಗಳು ಕಾರಿನಲ್ಲಿ ಊದಿದೆ. ಕೆನ್ನೆ ನೋವು ಬಂತು, ಎರಡು ಸಲ ವಾಂತಿ ಬರುವ ಹಾಗಾಯಿತು, ದನಿ ಮಾತ್ರ ಬರಲಿಲ್ಲ. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಊದಿ ತೋರಿಸಿದೆ. "ಅದೆಂಥದೋ ಕಿರ್ ಅಂತದೆ, ಬಾಗಿಲಿಗೆ ಒಂಚೂರು ಎಣ್ಣೆ ಬಿಡೋ" ಅಂದರು.

ಪಕ್ಕದ ಮನೆಯ ಮುದುಕ ಅದನ್ನು ನೋಡಿ ನಕ್ಕು ಎರಡು ರೀಡಿನದು ಕೊಡಿಸಿದ. ರೀಡು ಹೆಚ್ಚಿದಷ್ಟೂ ಅವನ್ನು ಅದುರಿಸಲು ಉಸಿರು ಜಾಸ್ತಿ ಬೇಕು. ಮೇಲಿನ ರೀಡಿಗೆ ವಿ ಆಕಾರದ, ಬಾವಲಿ ರೆಕ್ಕೆಯಾಕಾರದ ಕತ್ತರಿ ಹಾಕಿರುತ್ತಾರೆ, ಅದು ದನಿಗೆ ಒಡಕು ಕೊಡೋಕೆ. ಮುದಿ ಹೆಣ್ಣಿನ ಕಂಠ ಹಾಗೆ ಒಡಕಾಗಿರುತ್ತದೆ. ಆದರೆ ಸರಿಯಾದ ದನಿಯೇ ಹೊರಡದವನು ಒಡಕನ್ನು ಏನು ಮಾಡಿಯಾನು? ಅಂಗಡಿಯವರು ಹೊಗಳುವುದೆಲ್ಲ ಕತ್ತರಿಯ ಬಗ್ಗೆ. ಅಂಗುಳದ ಬಗ್ಗೆ ಯಾರೂ ಮಾತಾಡುವುದಿಲ್ಲ.

ನನ್ನ ತಕರಾರು ಇರುವುದು ಅಲ್ಲೇ. ಚಪ್ಪಲಿಯನ್ನಾದರೂ ಕಾಲಿಗೆ ಹಾಕಿ ನೋಡಿ ಕೊಳ್ಳುತ್ತೇವೆ. ಮೌತ್ ಕಾಲನ್ನು ಬಾಯಿಗಿಟ್ಟು ನೋಡೋ ಹಾಗಿಲ್ಲ. ನನ್ನ ಅಂಗುಳ ಕಿರಿದು, ಆ ಟೇಪು ಅಗಲ. ಬದಿಯಲ್ಲಿ ಗಾಳಿ ಸೋರುತ್ತಿತ್ತು. ಮುದುಕ ಚೌಕಟ್ಟನ್ನು ಬೆರಳಲ್ಲಿ ಒಂಚೂರು ಕಮಾನಿನಂತೆ ಬಗ್ಗಿಸಿದ. ಉಗುರು ಕತ್ತರಿ ತಂದು ಟೇಪಿನ ಅಂಚನ್ನು ಎಳ್ಳುಕಾಳಿನಷ್ಟು ಕತ್ತರಿಸಿದ, ಇಟ್ಟು ನೋಡು ಅಂದ, ಮತ್ತೆ ಕತ್ತರಿಸಿದ. ಮೂರನೇ ಸಲಕ್ಕೆ ಅದು ಅಂಗುಳಕ್ಕೆ ತಾನಾಗಿ ಕಚ್ಚಿಕೊಂಡಿತು. ಬಾಯಿ ತೆರೆದರೂ ಬೀಳಲಿಲ್ಲ.

"ಊದಬೇಡ," ಅಂದ. "ಕನ್ನಡಕ ಒರೆಸುವ ಮುಂಚೆ ಹಾ ಅಂತ ಬಿಡ್ತೀಯಲ್ಲ, ಹಾಗೆ ಬಿಡು." ಹೊಟ್ಟೆಯಿಂದ ಬಿಸಿ ಉಸಿರು ಬಿಟ್ಟೆ, ಮೊದಲು ಒಂದು ಸಿಳ್ಳಿನಂಥ ಕೀ ಬಂತು. ಕೆಳದವಡೆ ಇಳಿಸಿದರೆ ಅದೇ ದನಿ ಮುರಿದು ಯಾಕ್ ಆಯಿತು. ಇಲ್ಲಿನವರು ಇದಕ್ಕೆ ಏನೇನೋ ಇಂಗ್ಲಿಷ್ ಶಬ್ದ ಹೇಳಿಕೊಡುತ್ತಾರೆ. ನನಗೆ ಒಗ್ಗಿದ್ದು ಅಪ್ಪಟ ಕನ್ನಡ: ಕೀ-ಯಾಕ್, ಕೀ-ಯಾಕ್, ಯಾಕ್, ಯಾಕ್, ಯಾಕ್. ಟರ್ಕಿ ಹೆಂಡತಿ ಬೆಳಬೆಳಗ್ಗೆ ಗಂಡನನ್ನು ವಿಚಾರಣೆ ಮಾಡಿದ ಹಾಗೆ.

ಕೆಲಸ ಮುಗಿದ ಮೇಲೆ ರೀಡುಗಳು ಒಂದಕ್ಕೊಂದು ಅಂಟದಂತೆ ನಡುವೆ ಹಲ್ಲುಕಡ್ಡಿ ತೂರಿಸಿ ತಂಪಾದ ಜಾಗದಲ್ಲಿ ಇಡಬೇಕು. ಬಿಸಿಲಿಗೆ ಲೇಟೆಕ್ಸ್ ಹಾಳಾಗುತ್ತದೆ. ನಮ್ಮ ಮನೆಯಲ್ಲಿ ಅದು ಫ್ರಿಜ್ಜಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಪಕ್ಕ ಇರುತ್ತದೆ. ಒಮ್ಮೆ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಮರುದಿನ ಕಾಡಿನಲ್ಲಿ ಕತ್ತಲಲ್ಲಿ ಕೂತು ಬಾಯಿಗಿಟ್ಟುಕೊಂಡರೆ ಇಂಗಿನ ಒಗ್ಗರಣೆ. ಹೆಂಡತಿ ಈಗ ಅದಕ್ಕೇ ಒಂದು ಬೇರೆ ಡಬ್ಬಿ ಕೊಟ್ಟಿದ್ದಾಳೆ.

ಹೋದ ಮೇ ತಿಂಗಳಲ್ಲಿ ಮುದುಕನ ಜತೆ ಹೋಗಿದ್ದೆ. ಭುಜಕ್ಕಿಂತ ಅಗಲದ ಓಕ್ ಮರಕ್ಕೆ ಒರಗಿ ಕೂತಿದ್ದೆವು. ಐದು ಯಾಕ್ ಅಂದು ಸುಮ್ಮನಾದೆ. ಇನ್ನೊಂದು ಸಲ ಕರೆಯೋಣ ಅಂತ ನಾಲಿಗೆ ಎತ್ತಿದಾಗ ಮುದುಕ ಕಣ್ಣಲ್ಲೇ ಬೇಡ ಅಂದ. ಮೊದಲ ಸಲಕ್ಕೇ ಗುಡ್ಡದ ಆಚೆಯಿಂದ ಉತ್ತರ ಬಂದಿತ್ತು, ಆಮೇಲೆ ಇಪ್ಪತ್ತು ನಿಮಿಷ ಸದ್ದೇ ಇಲ್ಲ. ನನ್ನ ಕಾಲು ಜೋಮು ಹಿಡಿಯಿತು. ಜರೀಗಿಡಗಳ ನಡುವೆ ನೀಲಿ-ಕೆಂಪು ತಲೆಯೊಂದು ಎದ್ದಿತು. ಮೂವತ್ತು ಗಜ. ಇನ್ನೆರಡು ಹೆಜ್ಜೆ ಮುಂದೆ ಬಂತು. ಎದೆಯ ಗಡ್ಡ ಮೂರು ಬೆರಳುದ್ದ ಇದ್ದೀತು, ಹೋದ ವರ್ಷ ಹುಟ್ಟಿದ ಹುಡುಗ. ಹೊಡೆದರೆ ಕಾನೂನು ಏನೂ ಅನ್ನುತ್ತಿರಲಿಲ್ಲ.

ಕೋವಿ ಮೊಣಕಾಲ ಮೇಲೇ ಇತ್ತು. ಹಕ್ಕಿ ಅತ್ತಿತ್ತ ಕತ್ತು ಹೊರಳಿಸಿ ಹೆಣ್ಣನ್ನು ಹುಡುಕಿತು, ಸಿಗಲಿಲ್ಲ, ಬಂದ ದಾರಿಯಲ್ಲೇ ಹೋಯಿತು. ಮುದುಕ ಫ್ಲಾಸ್ಕ್ ತೆರೆದ. ಬಾಯಿಂದ ಕಾಲ್ ತೆಗೆದು ಒರೆಸಿ, ಹಲ್ಲುಕಡ್ಡಿ ತೂರಿಸಿ ಡಬ್ಬಿಗೆ ಹಾಕಿದೆ, ಕಾಫಿಗೆ ಕಪ್ಪು ಒಡ್ಡಿದೆ.